ಸಾಲು ಬರೆದರೂ ಡಿಸ್ಕ್ ಕಾಣದೇಕೆ?

ಪ್ರಶ್ನೆ: ಮೇನ್‌ಫ್ರೇಮ್ ಕೆಲಸಕ್ಕೆ ಹೊಸದಾಗಿ ಸೇರಿದ್ದೇನೆ. ಝಡ್/ವಿಎಂ ಮೇಲೆ ನಡೆಯುವ ಲಿನಕ್ಸ್ ಯಂತ್ರವೊಂದಕ್ಕೆ ಡಿಸ್ಕ್ ಜಾಗ ಸಾಲದಾಯಿತು. ಝಡ್/ವಿಎಂ ಡೈರೆಕ್ಟರಿಯಲ್ಲಿ ಒಂದು ಸಾಲು ಸೇರಿಸಿದೆವು. ಆದರೂ ಹೊಸ ಡಿಸ್ಕ್ ಕಾಣುತ್ತಿಲ್ಲ. ಯಂತ್ರ ನಿಲ್ಲಿಸದೆ ಇದು ಸಾಧ್ಯವೇ?
– ಓದುಗರು, ಎಸ್.ಎಸ್. ಬಡಾವಣೆ, ದಾವಣಗೆರೆ

ಉತ್ತರ: ನಿಲ್ಲಿಸದೆಯೇ ಮಾಡಬಹುದು. ನೀವು ಬರೆದ ಸಾಲಿನಲ್ಲಿ ತಪ್ಪಿರಬೇಕೆಂದೇನಿಲ್ಲ. ಅದು ಇನ್ನೂ ಜಾರಿಗೆ ಬಂದಿರಲಾರದು.

ಮೊದಲು ಜಾಗದ ಲೆಕ್ಕ ನೋಡೋಣ. ಮೇನ್‌ಫ್ರೇಮ್‌ನ 3390 ಡಿಸ್ಕನ್ನು ಸಿಲಿಂಡರುಗಳಲ್ಲಿ ಅಳೆಯುತ್ತಾರೆ. ಮಾದರಿ 3ರಲ್ಲಿ 3,339 ಸಿಲಿಂಡರುಗಳು, ಮಾದರಿ 9ರಲ್ಲಿ 10,017. ಒಂದು ಸಿಲಿಂಡರಿಗೆ 15 ಟ್ರ್ಯಾಕ್. ಲಿನಕ್ಸ್ 4,096 ಬೈಟ್‌ಗಳ ತುಂಡು ಮಾಡಿದರೆ ಟ್ರ್ಯಾಕಿಗೆ 12 ತುಂಡು ಹಿಡಿಯುತ್ತವೆ. ಅಂದರೆ ಸಿಲಿಂಡರಿಗೆ 7,37,280 ಬೈಟ್. 500 ಸಿಲಿಂಡರ್ ಕೊಟ್ಟರೆ ಸಿಗುವುದು ಸುಮಾರು 36.9 ಕೋಟಿ ಬೈಟ್ ಅಷ್ಟೇ. ಹೊಸಬರು ಇಲ್ಲಿ ಕಡಿಮೆ ಕೇಳಿ ಮತ್ತೆ ಬರುತ್ತಾರೆ.

ಇಡೀ ಡಿಸ್ಕನ್ನು ಒಂದೇ ಯಂತ್ರಕ್ಕೆ ಕೊಡಬೇಕಾಗಿಲ್ಲ. ನಿಮ್ಮ ಬಡಾವಣೆಯ ಜಮೀನನ್ನು ಸೈಟುಗಳಾಗಿ ಹಂಚಿದಂತೆ ಡಿಸ್ಕನ್ನು ಮಿನಿಡಿಸ್ಕುಗಳಾಗಿ ಹಂಚುತ್ತಾರೆ. ನೀವು ಡೈರೆಕ್ಟರಿಯಲ್ಲಿ ಬರೆದ ಎಂಡಿಸ್ಕ್ ಸಾಲು ಹೇಳುವುದು ಇದನ್ನೇ: ಯಾವ ವಿಳಾಸ (0201 ಎನ್ನೋಣ), ಯಾವ ಬಗೆಯ ಡಿಸ್ಕ್, ಯಾವ ಸಿಲಿಂಡರಿನಿಂದ ಶುರು, ಎಷ್ಟು ಸಿಲಿಂಡರ್, ಯಾವ ವಾಲ್ಯೂಮ್. ಸೊನ್ನೆಯ ಸಿಲಿಂಡರಿನಲ್ಲಿ ವಾಲ್ಯೂಮಿನ ಲೇಬಲ್ ಇರುವುದರಿಂದ ಅದನ್ನು ಬಿಟ್ಟು 1ರಿಂದ ಶುರುಮಾಡುವುದು ವಾಡಿಕೆ. 1ರಿಂದ 500 ಸಿಲಿಂಡರ್ ಕೊಟ್ಟರೆ ಮುಂದಿನವರ ಪಾಲು 501ರಿಂದ.

ಆ ಜಾಗದಲ್ಲಿ 500 ಎಂದು ಬರೆದುಬಿಟ್ಟರೆ? ಒಂದು ಸಿಲಿಂಡರ್ ಇಬ್ಬರ ಪಾಲಾಗುತ್ತದೆ. ಸಾಲಿನ ರೂಪ ಸರಿಯಾಗಿದ್ದರೆ ವ್ಯವಸ್ಥೆ ತಕರಾರು ಮಾಡದೆ ಒಪ್ಪಿಕೊಳ್ಳಬಹುದು. ಒಬ್ಬರ ದತ್ತಾಂಶದ ಮೇಲೆ ಇನ್ನೊಬ್ಬರದು ಬಿದ್ದಾಗ ಮಾತ್ರ ಗೊತ್ತಾಗುತ್ತದೆ, ಅಷ್ಟರಲ್ಲಿ ತಡವಾಗಿರುತ್ತದೆ. ಇದಕ್ಕಾಗಿಯೇ ಡಿಸ್ಕ್‌ಮ್ಯಾಪ್ ಎಂಬ ಆಜ್ಞೆ ಇದೆ. ಡೈರೆಕ್ಟರಿ ಕಡತ ಓದಿ ಎಲ್ಲಿ ಖಾಲಿ, ಎಲ್ಲಿ ಒಂದರ ಮೇಲೊಂದು ಎಂದು ಪಟ್ಟಿ ಕೊಡುತ್ತದೆ. ಅದನ್ನು ನೋಡದೆ ಮುಂದಿನ ಹೆಜ್ಜೆ ಇಡಬೇಡಿ. ನಿಮ್ಮಲ್ಲಿ ಡೈರೆಕ್ಟರಿ ನೋಡಿಕೊಳ್ಳುವ ಡಿರ್‌ಮೇಂಟ್ ತಂತ್ರಾಂಶ ಇದ್ದರಂತೂ ಕಡತವನ್ನು ಕೈಯಾರೆ ತಿದ್ದಲೇಬಾರದು; ಅದಕ್ಕೇ ಹೇಳಿ, ಖಾಲಿ ಜಾಗವನ್ನೂ ಅದೇ ಹುಡುಕಿಕೊಡುತ್ತದೆ.

ಈಗ ನಿಮ್ಮ ತೊಡಕಿಗೆ ಬರೋಣ. ಕಡತದಲ್ಲಿ ಬರೆದದ್ದು ಬರಿಯ ಮೂಲಪ್ರತಿ. ಡೈರೆಕ್ಟ್‌ಎಕ್ಸ್‌ಎ ಆಜ್ಞೆ ಓಡಿಸಿದ ಮೇಲೆಯೇ ಅದು ಚಾಲ್ತಿಯ ಡೈರೆಕ್ಟರಿಯಾಗುತ್ತದೆ. ಆದರೂ ಆಗಲೇ ಲಾಗಾನ್ ಆಗಿರುವ ಯಂತ್ರಕ್ಕೆ ಹೊಸ ಡಿಸ್ಕ್ ತಾನಾಗಿ ಸಿಗುವುದಿಲ್ಲ, ಮುಂದಿನ ಲಾಗಾನ್‌ನಲ್ಲಿ ಸಿಗುತ್ತದೆ. ಅಲ್ಲಿಯವರೆಗೆ ಕಾಯಲಾಗದಿದ್ದರೆ ಲಿನಕ್ಸ್ ಒಳಗಿನಿಂದಲೇ, ಝಡ್/ವಿಎಂಗೆ ಆಜ್ಞೆ ಕಳಿಸುವ ವಿಎಂಸಿಪಿ ಮೂಲಕ ‘ಲಿಂಕ್ * 0201 0201 ಎಂಆರ್’ ಎಂಬ ಆಜ್ಞೆ ಕೊಡಿ. ನಕ್ಷತ್ರ ಎಂದರೆ ‘ನನ್ನದೇ’. ಅದನ್ನು ಉದ್ಧರಣ ಚಿಹ್ನೆಯೊಳಗೆ ಇಡಿ. ಇಲ್ಲದಿದ್ದರೆ ಶೆಲ್ ಅದನ್ನು ನಿಮ್ಮ ಕಡತಗಳ ಹೆಸರುಗಳಿಗೆ ಬದಲಾಯಿಸಿಬಿಡುತ್ತದೆ.

ಆಮೇಲೆ ಸಿಎಚ್‌ಸಿಸಿಡಬ್ಲ್ಯುಡೆವ್‌ನಿಂದ 0.0.0201 ಅನ್ನು ಆನ್‌ಲೈನ್ ಮಾಡಿ, ಡಿಎಎಸ್‌ಡಿಎಫ್‌ಎಂಟಿಯಿಂದ ಫಾರ್ಮ್ಯಾಟ್, ಎಫ್‌ಡಿಎಎಸ್‌ಡಿಯಿಂದ ವಿಭಾಗ. ಫಾರ್ಮ್ಯಾಟಿಗೆ ಮುಂಚೆ ಎಲ್‌ಎಸ್‌ಡಿಎಎಸ್‌ಡಿ ಪಟ್ಟಿಯಲ್ಲಿ ವಿಳಾಸವನ್ನು ಎರಡು ಬಾರಿ ನೋಡಿ.

ಒಂದು ಗೊಂದಲ ನಿಮಗೂ ಬರಬಹುದು. ‘ಡಿಫೈನ್ ಸ್ಟೋರೇಜ್’ ಎಂಬ ಆಜ್ಞೆ ಕಂಡು ಡಿಸ್ಕ್ ಹೆಚ್ಚಿಸಲು ಇದೇ ಇರಬೇಕು ಅನಿಸುವುದು ಸಹಜ. ಮೇನ್‌ಫ್ರೇಮ್‌ನವರು ಸ್ಟೋರೇಜ್ ಎನ್ನುವುದು ಮುಖ್ಯ ಮೆಮೊರಿಗೆ; ಡಿಸ್ಕಿಗೆ ಡ್ಯಾಸ್ಡಿ ಎನ್ನುತ್ತಾರೆ. ಆ ಆಜ್ಞೆ ಕೊಟ್ಟರೆ ಯಂತ್ರ ರಿಸೆಟ್ ಆಗಿ, ಓಡುತ್ತಿದ್ದ ಲಿನಕ್ಸ್ ಅಲ್ಲಿಗೇ ಬಿದ್ದುಹೋಗುತ್ತದೆ.

ಹೊಸ ಡಿಸ್ಕ್ ಬಂದ ಮಾತ್ರಕ್ಕೆ ತುಂಬಿದ ಹಳೆಯ ಫೈಲ್ ಸಿಸ್ಟಮ್ ಹಿಗ್ಗುವುದಿಲ್ಲ. ಅದು ಎಲ್‌ವಿಎಂ ಮೇಲಿದ್ದರೆ ಹೊಸ ವಿಭಾಗವನ್ನು ಅದರ ವಾಲ್ಯೂಮ್ ಗುಂಪಿಗೆ ಸೇರಿಸಿ ಹಿಗ್ಗಿಸಿ. ಇಲ್ಲವಾದರೆ ಲಿನಕ್ಸ್‌ನ ದೊಡ್ಡ ಡೈರೆಕ್ಟರಿಯೊಂದನ್ನು ಹೊಸ ಡಿಸ್ಕಿಗೆ ಸಾಗಿಸಿ, ಆ ಡಿಸ್ಕನ್ನು ಡೈರೆಕ್ಟರಿಯ ಹಳೆಯ ಜಾಗದಲ್ಲೇ ಮೌಂಟ್ ಮಾಡಿ.