ಹೆಣ್ಣುಮಕ್ಕಳ ಮಾತು ಬಾನುಲಿಗೆ: ಮೊಬೈಲಿನಿಂದಲೇ ಶುರು ಮಾಡಿ

ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಸಮುದಾಯ ಬಾನುಲಿ ಶುರುವಾದ ಕಾಲಕ್ಕೆ ಸ್ವಯಂಸೇವಾ ಸಂಸ್ಥೆಗಳಿಗೆ ಬಾನುಲಿ ಪರವಾನಗಿಯೇ ಸಿಗುತ್ತಿರಲಿಲ್ಲ. ಊರವರು ಕೇಬಲ್ ತಂತಿಯಲ್ಲೇ ಕಾರ್ಯಕ್ರಮಗಳನ್ನು ಮನೆಮನೆಗೆ ಮುಟ್ಟಿಸಿದರು. 2006ರಲ್ಲಿ ಸರ್ಕಾರದ ನೀತಿ ಬದಲಾಗಿ ಈ ಸಂಸ್ಥೆಗಳಿಗೂ ಪರವಾನಗಿ ಸಿಗುವಂತಾಯಿತು. 2008ರಲ್ಲಿ ಬೀದರ್ ಗಡಿಯಾಚೆ, ಇಂದಿನ ತೆಲಂಗಾಣದ ಜಹೀರಾಬಾದ್ ಸೀಮೆಯಲ್ಲಿ, ದಲಿತ ಮಹಿಳೆಯರೇ ನಡೆಸುವ ಸಂಘಂ ರೇಡಿಯೊ ಬಂತು. ನಿಮ್ಮೂರಿನ ಪಿಯುಸಿ, ಡಿಗ್ರಿ ಹುಡುಗಿಯರಿಗೆ ಸ್ಟುಡಿಯೊ ಇಲ್ಲದಿದ್ದರೂ ಚಿಂತೆಯಿಲ್ಲ, ಶುರು ಮಾಡಲು ಒಂದು ಮೊಬೈಲ್ ಸಾಕು.

ಮೊದಲು ಸ್ವಸಹಾಯ ಸಂಘದ ವಾರದ ಸಭೆಗೆ ಹೋಗಿ ಸುಮ್ಮನೆ ಕುಳಿತು ಕೇಳಿ. ಯಾವ ಮಾತು ಬಂದಾಗ ಎಲ್ಲರೂ ಒಟ್ಟಿಗೆ ಬಾಯಿ ತೆರೆಯುತ್ತಾರೋ ಅದೇ ನಿಮ್ಮ ಮೊದಲ ವಿಷಯ. ಅದು ರೇಷನ್ ಅಂಗಡಿಯಲ್ಲಿ ಬೆರಳಚ್ಚು ತಾಗದಿರುವುದಾಗಲಿ, ಕಾಲೇಜಿನ ಹೊತ್ತಿಗೆ ಬಸ್ಸು ಇಲ್ಲದಿರುವುದಾಗಲಿ, ಒಂದು ಕಂತಿಗೆ ಒಂದೇ ವಿಷಯವಿರಲಿ.

ನಾಲ್ಕು ಜನರ ತಂಡ ಮಾಡಿಕೊಂಡು ಕೆಲಸವನ್ನು ಸರದಿಯಂತೆ ಹಂಚಿ. ಹುಡುಗರು ಯಂತ್ರ ಹಿಡಿದು ಹುಡುಗಿಯರು ಬರೀ ನಿರೂಪಣೆ ಮಾಡುವ ಹಾಗಾಗಬಾರದು. ಎಡಿಟಿಂಗ್ ಕಲಿತವಳಿಗೇ ಯಾವ ಮಾತು ಉಳಿಯಬೇಕೆಂದು ತೀರ್ಮಾನಿಸುವ ಅಧಿಕಾರ.

ಇನ್ನು ಒಪ್ಪಿಗೆಯ ವಿಚಾರ. ಇಲ್ಲಿ ಅವಸರ ಬೇಡವೇ ಬೇಡ. ಗಂಡನೋ ಸಂಘದ ಅಧ್ಯಕ್ಷೆಯೋ ಹೂಂ ಎಂದರೆ ಸಾಲದು, ಮಾತಾಡುವವಳೇ ಒಪ್ಪಬೇಕು. ಧ್ವನಿ ಎಲ್ಲೆಲ್ಲಿ ಕೇಳಿಸುತ್ತದೆ ಎಂದು ವಿವರಿಸಿ, ಒಪ್ಪಿಗೆಯನ್ನೂ ರೆಕಾರ್ಡ್ ಮಾಡಿ. ಸಿದ್ಧವಾದ ಕಂತನ್ನು ಮೊದಲು ಅವಳಿಗೇ ಕೇಳಿಸಿ. ತೆಗೆಯಿರಿ ಎಂದ ಮಾತನ್ನು ಕಾರಣ ಕೇಳದೆ ತೆಗೆಯಿರಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಯಲು ಮಾಡುವುದು ಅಪರಾಧ. ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆಯ 23ನೇ ಕಲಂ ಪ್ರಕಾರ ಶಾಲೆ, ಕುಟುಂಬ, ನೆರೆಹೊರೆಯ ಸುಳಿವನ್ನೂ ಕೊಡುವಂತಿಲ್ಲ. ಅಂಥ ನೋವು ಕಿವಿಗೆ ಬಿದ್ದರೆ ರೆಕಾರ್ಡಿಂಗ್ ನಿಲ್ಲಿಸಿ. ನೆರವಿಗೆ ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098 ಇವೆ ಎಂದು ತಿಳಿಸಿ.

ರೆಕಾರ್ಡಿಂಗ್ ಕಷ್ಟವಲ್ಲ. ಫ್ಯಾನ್ ಆರಿಸಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಬಾಯಿಂದ ಒಂದು ಗೇಣು ದೂರ, ತುಸು ಪಕ್ಕಕ್ಕೆ ಹಿಡಿಯಿರಿ. ‘ಹೌದು’, ‘ಇಲ್ಲ’ ಎಂದು ಮುಗಿಯುವ ಪ್ರಶ್ನೆ ಬೇಡ, ‘ಆಮೇಲೆ ಏನಾಯ್ತಕ್ಕಾ?’ ಎನ್ನಿ, ಸುಮ್ಮನಿರಿ. ಆಮೇಲೆ ಕಂಪ್ಯೂಟರಿನಲ್ಲಿ, ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶದಿಂದ ಐದಾರು ನಿಮಿಷಕ್ಕೆ ಕತ್ತರಿಸಿ. ಅವರ ಆಡುಮಾತನ್ನು ಮಾತ್ರ ತಿದ್ದಬೇಡಿ.

ಹತ್ತಿರದಲ್ಲಿ ಸಮುದಾಯ ಬಾನುಲಿ ಕೇಂದ್ರವಿದ್ದರೆ ವಾರಕ್ಕೊಂದು ಸಮಯ ಕೇಳಿ. ಪ್ರಸಾರ ಸುಮಾರು 10ರಿಂದ 15 ಕಿ.ಮೀ. ಮುಟ್ಟುತ್ತದೆ. ಈ ಕೇಂದ್ರಗಳು ಸ್ವಂತ ಸುದ್ದಿ, ರಾಜಕೀಯ ವಿಷಯ ಪ್ರಸಾರ ಮಾಡುವಂತಿಲ್ಲ. ನೀರು, ಕರೆಂಟು, ಆರೋಗ್ಯ, ಶಾಲಾ ಪ್ರವೇಶದ ಮಾಹಿತಿಗೆ ಅಡ್ಡಿಯಿಲ್ಲ. ಕೇಂದ್ರವಿಲ್ಲದ ಕಡೆ ಸಂಘದ ಸಭೆಯಲ್ಲೇ ಸ್ಪೀಕರ್ ಇಟ್ಟು ಕೇಳಿಸಿ. ಮಾತಾಡಿದವರು ಒಪ್ಪಿದರೆ ಮಹಿಳಾ ಗ್ರಾಮಸಭೆಗೂ ಒಯ್ಯಿರಿ. ಪಿಡಿಒ ಕೊಡುವ ಉತ್ತರವನ್ನು ಅಲ್ಲೇ ರೆಕಾರ್ಡ್ ಮಾಡಿಕೊಂಡು ಮುಂದಿನ ಕಂತನ್ನು ಅದರಿಂದ ಆರಂಭಿಸಿ.