ನೋಟು ಕೊಟ್ಟು ಕರೆನ್ಸಿ ಹಾಕಿಸುವವರು

ಮೊಬೈಲ್ ರೀಚಾರ್ಜ್ ಮಾಡಿಸುವುದಕ್ಕೆ ನಮ್ಮ ಕಡೆ ಈಗಲೂ ‘ಕರೆನ್ಸಿ ಹಾಕಿಸೋದು’ ಅಂತಲೇ ಹೇಳುತ್ತಾರೆ. ಗೀಚುವ ಕಾರ್ಡುಗಳು ಹೋಗಿ ಎಷ್ಟೋ ವರ್ಷವಾದರೂ ಮಾತು ಹೋಗಿಲ್ಲ. ಹುಲ್ಲಹಳ್ಳಿಯಲ್ಲಿರುವ ನನ್ನ ಚಿಕ್ಕವ್ವನಿಗಂತೂ ಅಂಗಡಿಗೆ ಹೋಗಿ ನೋಟು ಕೊಟ್ಟರೇನೇ ಕರೆನ್ಸಿ.

ಕಳೆದ ತಿಂಗಳು ಅವಳ ಜೊತೆ ನಾನೂ ಹೋಗಿದ್ದೆ. ಎಲೆಅಡಿಕೆ ಸಂಚಿಯಿಂದ ನಾಲ್ಕು ಮಡಿಕೆ ಮಾಡಿದ ಇನ್ನೂರರ ನೋಟನ್ನು ತೆಗೆದು, ಬೆರಳಿಂದ ಉಜ್ಜಿ ನೆಟ್ಟಗೆ ಮಾಡಿ ಕೊಟ್ಟಳು. ಅದರ ಹಿಂದೆಯೇ ಬೆಂಕಿಪೊಟ್ಟಣದ ರಟ್ಟು. ಅದರ ಮೇಲೆ ಅವಳ ನಂಬರು ಬರೆದಿದೆ. ಅಂಗಡಿಯ ಹುಡುಗ ಒಂದೊಂದೇ ಅಂಕಿ ಓದಿ ಒತ್ತಿದ. “ಹೋಯ್ತು ಅವ್ವ” ಅಂದ. ಅವಳು ಕದಲಲಿಲ್ಲ. ಕೀಪ್ಯಾಡ್ ಫೋನು ಅಂಗೈಲಿಟ್ಟುಕೊಂಡು ಮೆಟ್ಟಿಲ ಮೇಲೇ ನಿಂತಳು. ಟಿಣ್ ಅಂತು. “ಮೆಸೇಜು ಅದೇನಾ ನೋಡು ಮಗ” ಅಂತ ನನ್ನ ಕೈಗೆ ಕೊಟ್ಟಳು. ಅದೇ ಅಂದಮೇಲೆ ಒಂದು ರೂಪಾಯಿ ಚಿಲ್ಲರೆ ಈಸಿಕೊಂಡು ಹೊರಟಳು.

ಮೈಸೂರಿಂದ ನಾನೇ ಹಾಕುತ್ತೇನೆ, ಅರ್ಧ ನಿಮಿಷದ ಕೆಲಸ, ಬಿಸಿಲಲ್ಲಿ ಯಾಕೆ ನಡೆಯುತ್ತೀಯ ಅಂತ ಎಷ್ಟು ಸಲ ಹೇಳಿದ್ದೆನೋ. ಅವತ್ತು ದಾರಿಯಲ್ಲಿ ಉತ್ತರ ಕೊಟ್ಟಳು: “ಫೋನು ನಂದು ಕಣ್ ಮಗ. ನೀನು ಹಾಕ್ಬುಟ್ರೆ, ಯಾಕೆ ಅಷ್ಟೊತ್ತು ಮಾತಾಡ್ದೆ ಅಂತ ನಾಳೆ ನೀನೇ ಕೇಳ್ತೀಯ.” ನಾನು ಕೇಳುವವನಲ್ಲ. ಆದರೂ ಅವಳ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ.

ಅವಳಿಗೆ ಖಾತೆ ಇಲ್ಲ ಅಂತಲ್ಲ. 2023ರ ಆಗಸ್ಟ್ 30ರಂದು ನಮ್ಮ ಮೈಸೂರಿನಲ್ಲೇ ಚಾಲನೆ ಸಿಕ್ಕ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಆ ಖಾತೆಗೇ ಬೀಳುತ್ತದೆ. ಹೆಬ್ಬೆಟ್ಟು ಒತ್ತಿ ಬಿಡಿಸಿಕೊಂಡು ಬರುತ್ತಾಳೆ. ಮನೆಗೆ ತಂದಮೇಲೆ ಗೊಬ್ಬರದ ಅಂಗಡಿಯ ಬಾಕಿ, ಸಂಘದ ಕಂತು, ಫೋನು ಅಂತ ಬೇರೆ ಬೇರೆ ಗಂಟು. ಖಾತೆಯಲ್ಲಿದ್ದಾಗ ಅದೆಲ್ಲ ಒಂದೇ ರಾಶಿ. ಫೋನಿನ ಗಂಟು ಮುಗಿದರೆ ಫೋನಿನ ಖರ್ಚೂ ಮುಗಿಯಿತು. 2024ರ ಜುಲೈನಲ್ಲಿ 179ರ ಪ್ಲಾನು 199 ಆದಾಗ ನಮ್ಮ ಮನೆಯಲ್ಲಿ ಮೊದಲು ಲೆಕ್ಕ ಹಾಕಿದವಳು ಅವಳೇ. 28 ದಿನಕ್ಕೊಂದು ರೀಚಾರ್ಜ್ ಅಂದರೆ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು. ಒಟ್ಟು 2,587 ರೂಪಾಯಿ. ಆ್ಯಪಿನಲ್ಲಿ ಕಟ್ಟುತ್ತಿದ್ದ ನನಗೆ ಆ ಹದಿಮೂರನೆಯದು ಕಣ್ಣಿಗೇ ಬಿದ್ದಿರಲಿಲ್ಲ.

ನನಗೆ ಬುದ್ಧಿ ಬಂದದ್ದು ಪೆಟ್ಟು ತಿಂದಮೇಲೆ. ಎರಡು ವರ್ಷದ ಹಿಂದೆ ಒಂದು ಆ್ಯಪಿನ ಉಚಿತ ಅವಧಿಗೆ ಆಸೆಪಟ್ಟು ಆಟೋಪೇಗೆ ಒಪ್ಪಿಗೆ ಕೊಟ್ಟು ಮರೆತುಬಿಟ್ಟೆ. ತಿಂಗಳ ನಾಲ್ಕನೇ ತಾರೀಖು 499 ರೂಪಾಯಿ ಹೋಯಿತು. ಐದಕ್ಕೆ ಮನೆ ಸಾಲದ ಕಂತು. ಖಾತೆಯಲ್ಲಿ ಮುನ್ನೂರು ಚಿಲ್ಲರೆ ಕಡಿಮೆ ಬಿದ್ದು ಕಂತು ವಾಪಸಾಯಿತು, ಮೇಲೆ 590 ದಂಡ. ದುಡ್ಡಿಗಿಂತ ಹೆಚ್ಚು ನೋಯಿಸಿದ್ದು, ಒಂದು ದಿನವೂ ತಪ್ಪದೆ ಕಟ್ಟಿಕೊಂಡು ಬಂದ ಸಾಲದ ಲೆಕ್ಕದಲ್ಲಿ ಒಂದು ಕಪ್ಪು ಚುಕ್ಕೆ ಕೂತದ್ದು. ಕಂತಿನ ಖಾತೆಗೆ ಇನ್ನು ಯಾವ ಆ್ಯಪೂ ಕೈಹಾಕಬಾರದು ಅಂತ ಅವತ್ತೇ ತೀರ್ಮಾನ ಮಾಡಿದೆ. ಮಗನ ಆಟಕ್ಕೂ ಅಷ್ಟೆ. ಅವನ ಫೋನಿಗೆ ಕಾರ್ಡು ಜೋಡಿಸಿಲ್ಲ, ಹಬ್ಬಕ್ಕೊಮ್ಮೆ ಅಂಗಡಿಯಲ್ಲಿ ನಗದು ಕೊಟ್ಟು ಗೂಗಲ್ ಪ್ಲೇ ಕೋಡು ತಂದುಕೊಡುತ್ತೇನೆ. ನೂರು ಅಂದರೆ ನೂರೇ.

ನಗದು ಕೊಡುವವರೆಲ್ಲ ತೆರಿಗೆ ತಪ್ಪಿಸುವವರು ಅನ್ನುವ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. ಆ 199ರೊಳಗೆ ಶೇ 18 ಜಿಎಸ್‌ಟಿ ಸೇರಿಯೇ ಇದೆ, ಅಂದರೆ 30 ರೂಪಾಯಿಗೂ ಮೇಲೆ. ಚಿಕ್ಕವ್ವ ನೋಟು ಕೊಟ್ಟರೂ ನಾನು ಫೋನಿಂದ ಕಟ್ಟಿದರೂ ಅದು ಸರ್ಕಾರಕ್ಕೆ ಹೋಗಲೇಬೇಕು, ರೀಚಾರ್ಜು ಕಂಪನಿಯ ಲೆಕ್ಕದಲ್ಲಿ ದಾಖಲಾಗಲೇಬೇಕು. ಇಲ್ಲಿ ಮುಚ್ಚಿಡುವುದಕ್ಕೆ ಏನೂ ಇಲ್ಲ.

ಅಂಗಡಿಯವನಿಗೆ ಅವನದೇ ಅಂಜಿಕೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಮೊತ್ತ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ, ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡು ತೆಗೆದು ‘ನಗದು ಮಾತ್ರ’ ಅಂತ ಬರೆದು ಅಂಟಿಸಿದರು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಆಮೇಲೆ ಭರವಸೆ ಕೊಟ್ಟರು. ಜಿಎಸ್‌ಟಿ ನೋಂದಣಿಗೆ ವಹಿವಾಟಿನ ಮಿತಿ ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ. ಕರೆನ್ಸಿ ಹಾಕುವವನ ಖಾತೆಗೆ ದಿನವಿಡೀ 199, 299 ಬಂದು ಬೀಳುತ್ತಿದ್ದರೂ ಅವನಿಗೆ ಉಳಿಯುವುದು ಕಮಿಷನ್ ಅಷ್ಟೆ. ಅವನು ನೋಟು ಕೇಳಿದರೆ ತಕ್ಷಣ ಅನುಮಾನ ಪಡಬೇಡಿ. ಕಮಿಷನ್ನಿನ ಲೆಕ್ಕವನ್ನು ಮಾತ್ರ ಪುಸ್ತಕದಲ್ಲಿ ಬೇರೆಯಾಗಿ ಬರೆದಿಡು ಅಂತ ನಾನು ಆ ಹುಡುಗನಿಗೆ ಹೇಳಿ ಬಂದೆ.

ನಗದಿಗೆ ತೊಡಕಿಲ್ಲ ಅನ್ನಲಾರೆ. ಒಂದು ಅಂಕಿ ತಪ್ಪಿದರೆ ದುಡ್ಡು ಯಾರದೋ ಫೋನಿಗೆ. ಕೊಟ್ಟದ್ದಕ್ಕೆ ರಸೀದಿಯೂ ಇರುವುದಿಲ್ಲ. ಹಾಗಾಗಿ ಮೆಸೇಜು ಬರುವ ತನಕ ಮೆಟ್ಟಿಲಿಳಿಯದ ಚಿಕ್ಕವ್ವನ ಪದ್ಧತಿಯೇ ಸರಿ. ಓಟಿಪಿ, ಪಿನ್ ಮಾತ್ರ ಎಷ್ಟೇ ಪರಿಚಯದ ಅಂಗಡಿಯಲ್ಲೂ ಹೇಳಬೇಡಿ. ನೋಟಿಗೆ ಅವೆರಡೂ ಬೇಕಿಲ್ಲ.

ಮನೆ ಹತ್ತಿರ ಬಂದಾಗ ಚಿಕ್ಕವ್ವ ಆ ರಟ್ಟು ತೆಗೆದು ತಿರುಗಿಸಿದಳು. ಹಿಂದೆ ಸಾಲಾಗಿ ತಾರೀಖುಗಳು, ಒಂದೊಂದಕ್ಕೂ ಅಡ್ಡಗೀಟು. “ಇವತ್ತಿಂದ ಇಪ್ಪತ್ತೆಂಟು ಎಣಿಸಿ ಬರ್ಕೊಡು” ಅಂದಳು. ಜಗಲಿಯ ಮೇಲೆ ಕೂತು ಬೆರಳು ಮಡಿಸಿ ಎಣಿಸಿ ಬರೆದುಕೊಟ್ಟೆ.