ಉಣ್ಣುವವರನ್ನೇ ಕೇಳಿ

ಪ್ರಶ್ನೆ: ಕಮಲಾಪುರದವಳು ನಾನು. ಕಲಬುರಗಿಯ ಆಸ್ಪತ್ರೆಯೊಂದರ ಬಳಿ ರೋಗಿಗಳ ಕಡೆಯವರಿಗೆ ಊಟ ಕೊಡುತ್ತೇವೆ. ಅನ್ನ ಉಳಿಯುತ್ತದೆ, ಸ್ವಯಂಸೇವಕರೂ ಕಡಿಮೆಯಾಗುತ್ತಿದ್ದಾರೆ. ಏನು ಮಾಡಲಿ?

ಉತ್ತರ: ತಾಯಿ, ಅನ್ನ ಉಳಿಯುವ ಕಾರಣ ಉಣ್ಣುವವರಿಗೇ ಗೊತ್ತು. ಜೋಳದ ರೊಟ್ಟಿ, ಪುಂಡಿಪಲ್ಯ ಉಂಡು ಬೆಳೆದವರು ಅವರು. ಇಲ್ಲಿಯ ಸ್ವಸಹಾಯ ಸಂಘಗಳು ರೊಟ್ಟಿ ಬಡಿದು ಮಾರುತ್ತವೆ; ವಾರಕ್ಕೆರಡು ದಿನ ತರಿಸಿ ನೋಡಿ. ಆದರೆ ಬಡಿಸುವ ಸಾಲಿನಲ್ಲಿ ಅಭಿಪ್ರಾಯ ಕೇಳಬೇಡಿ. ಕೈಯಲ್ಲಿ ತಾಟು ಹಿಡಿದವರು ಕೊರತೆ ಹೇಳಲಾರರು. ಊಟವಾದ ಮೇಲೆ ಪಕ್ಕ ಕುಳಿತು ಕೇಳಿ. ತಿಂಗಳಿಗೊಮ್ಮೆ ಉಣ್ಣುವವರಿಬ್ಬರು, ಬಡಿಸುವವರಿಬ್ಬರು ಕೂಡಿ ಅಡುಗೆ, ವೇಳೆ ನಿರ್ಧರಿಸಲಿ. ಒಪ್ಪಿದ್ದನ್ನು ಮರುವಾರವೇ ಜಾರಿಗೆ ತನ್ನಿ. ಬರೀ ಹೇಳಿದ್ದನ್ನು ಮಾಡುವ ಸ್ವಯಂಸೇವಕರು ಬೇಗ ಬೇಸರಪಡುತ್ತಾರೆ. ತೀರ್ಮಾನದಲ್ಲಿ ಪಾಲಿದ್ದರೆ ಉಳಿಯುತ್ತಾರೆ. ಶರಣಬಸವೇಶ್ವರರು (1746–1822) ದಾಸೋಹ ನಡೆಸಿದ ನೆಲವಿದು. ಬಡಿಸುವ ಕೈ ಮೇಲೆಂಬ ಭಾವ ಇಲ್ಲಿ ಒಪ್ಪದು.